ಇಪ್ಪತ್ತೊಂದನೇ ಸುತ್ತು

ಮಾಲೂರು

ಹೋಗಬೇಕಾಗಿದ್ದವಳು ನಾನಲ್ಲ, ನಮ್ಮ ಕಾರ್ಖಾನೆಯ ಯಜಮಾನರು ಶಾಮಣ್ಣನವರು. ಹೊರಡುವುದಕ್ಕೆ ಎಂಟು ದಿನ ಇದೆ ಅನ್ನುವಾಗ ಅವರಿಗೆ ಕಾಮಾಲೆ ಬಂತು. ಕಣ್ಣೆಲ್ಲ ಹಳದಿಯಾಗಿ, ನೆಲನೆಲ್ಲಿ ಕಷಾಯ ಕುಡಿದುಕೊಂಡು ಮಲಗಿದ್ದವರು ನನ್ನನ್ನು ಕರೆಸಿ, "ನೀನೇ ಹೋಗ್ಬಾಮ್ಮ ರತ್ನ, ಪಾಸ್‌ಪೋರ್ಟು ವೀಸಾ ಎಲ್ಲಾ ಆಗೈತಲ್ಲ" ಅಂದುಬಿಟ್ಟರು. ಅವೆರಡೂ ಆಗಿದ್ದದ್ದು ಅವರ ಹಿಂದೆ ಪೆಟ್ಟಿಗೆ ಹಿಡಿದುಕೊಂಡು ಹೋಗುವುದಕ್ಕೆ, ಒಬ್ಬಳೇ ಪಶ್ಚಿಮ ಜರ್ಮನಿಗೆ ಹೋಗಿ ವ್ಯಾಪಾರ ಕುದುರಿಸುವುದಕ್ಕಲ್ಲ. ನಾನೋ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ತಡವಾದರೆ ಸಿಕ್ಕಿದವರನ್ನೆಲ್ಲ ಹಿಡಿದು ಕೇಳುವವಳು. ಗಾಬರಿ ನನ್ನ ಹುಟ್ಟುಗುಣ. ಆ ಎಂಟು ದಿನ ನಾನು ಅನ್ನ ಉಂಡೆನೋ ಮಣ್ಣು ತಿಂದೆನೋ ನೆನಪಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮದು ಮಾಲೂರಿನಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು. ಇಪ್ಪತ್ತಾರು ಹೆಂಗಸರು ಸಾಲಾಗಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ಮೊದಲೆಲ್ಲ ರೇಡಿಯೋಕ್ಕೆ ಬೇಕಾದ ಕಾಯಿಲ್ ಸುತ್ತುತ್ತಿದ್ದೆವು. ಮನೆಮನೆಗೆ ಟೀವಿ ಬಂದಮೇಲೆ ರೇಡಿಯೋ ಕಂಪನಿಯವರು ಬರುವುದನ್ನೇ ಬಿಟ್ಟರು. ಆಗ ಶಾಮಣ್ಣನವರು ಎಲ್ಲೆಲ್ಲಿಗೋ ಕಾಗದ ಬರೆದು, ಹ್ಯಾನೋವರ್ ಅನ್ನುವ ಊರಿನ ಒಂದು ಕಂಪನಿಯಿಂದ ಉತ್ತರ ತರಿಸಿಕೊಂಡರು. ಒಂದು ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಜೊತೆ ತಂತಿಯ ಮೇಲೆ ಮಾತಾಡಬೇಕಾದರೆ ನಡುವೆ ಒಂದು ಪೆಟ್ಟಿಗೆ ಬೇಕಂತೆ. ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಅವರೆಕಾಳಿನಷ್ಟು ಗಾತ್ರದ ಕಪ್ಪು ಉಂಗುರ, ಅದರ ತೂತಿನಲ್ಲಿ ಕೂದಲಿನಂಥ ತಂತಿ ತೂರಿಸಿ ಈ ಕಡೆ ಇಪ್ಪತ್ತು ಸುತ್ತು, ಆ ಕಡೆ ಇಪ್ಪತ್ತು ಸುತ್ತು. ಅಷ್ಟು ಸಣ್ಣ ತೂತಿಗೆ ಯಂತ್ರ ನುಗ್ಗುವುದಿಲ್ಲ, ಬೆರಳೇ ಆಗಬೇಕು. ಹುತ್ತೂರು ಕಡೆಯಿಂದ, ಶ್ರೀನಿವಾಸಪುರ ಕಡೆಯಿಂದ ಬರುತ್ತಿದ್ದ ನಮ್ಮ ಹೆಂಗಸರು ರೇಷ್ಮೆಗೂಡಿನಿಂದ ಎಳೆಯ ತುದಿ ಹುಡುಕಿ ತೆಗೆದು ಬೆಳೆದವರು. ಬೆರಳಿಗೆ ಅವರಲ್ಲಿ ಬಡತನವಿರಲಿಲ್ಲ.

ಕಂಪನಿಯವರ ಷರತ್ತು ಹೀಗಿತ್ತು. ಐದು ಜನ ಸುತ್ತಿದ ಇನ್ನೂರು ಕಾಯಿಲ್, ತಲಾ ನಲವತ್ತು, ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದಂತೆ ತರಬೇಕು. ಜವಾಬ್ದಾರರೊಬ್ಬರು ಖುದ್ದಾಗಿ ಬರಬೇಕು. ಅಲ್ಲಿ ಪರೀಕ್ಷೆಯಾಗಿ ಪಾಸಾದರೆ ಕೆಲಸ ನಮಗೆ. ಆಗದಿದ್ದರೆ ಶೆಡ್ಡಿಗೆ ಬೀಗ. ಇದನ್ನು ಶಾಮಣ್ಣನವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೂರು ತಿಂಗಳಿಂದ ಅರ್ಧ ದಿನದ ಕೆಲಸವೂ ಇಲ್ಲದೆ ಕೂತಿದ್ದ ಇಪ್ಪತ್ತಾರು ಜನಕ್ಕೂ ಅದು ಗೊತ್ತಿತ್ತು.

ಬೆರೆಯಬಾರದಲ್ಲ, ಅದಕ್ಕೆ ನಮಗೆ ಹೊಳೆದದ್ದು ಊಟದ ಕ್ಯಾರಿಯರು. ಐದು ಡಬ್ಬಿ, ಐದು ಕೈ. ಹತ್ತಿಯ ಮೇಲೆ ಕಾಯಿಲ್ ಹರಡಿ, ಮೇಲೆ ಇನ್ನೊಂದು ಪದರ ಹತ್ತಿ ಹೊದಿಸಿ ಮುಚ್ಚಿದವಳು ಮುನಿಯಮ್ಮ. ಶ್ರೀನಿವಾಸಪುರದವಳು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಮೊದಲನೇ ಬಸ್ಸಿಗೆ ಅವಳ ಹಿಂದೆ ಹನ್ನೊಂದು ಹೆಂಗಸರು ಬರುತ್ತಿದ್ದರು. ಅವಳು ಬಂದರೆ ಅವರು ಬಂದರು, ಅವಳು ನಿಂತರೆ ಅವರೂ ನಿಂತರು. ನಾನು ಬಿ.ಎಸ್ಸಿ. ಮಾಡಿಕೊಂಡು ಸೂಪರ್‌ವೈಸರ್ ಅಂತ ಬಂದ ಹೊಸದರಲ್ಲಿ ತಂತಿ ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಮೂರನೇ ಡಬ್ಬಿ ಅವಳದು.

"ಏಮೇ ರತ್ನಾ, ಯಾಕಿಂಗೆ ನಡುಗ್ತೀಯ? ಮದ್ವೆ ಹೆಣ್ಣಾ ನೀನು?" ಅಂತ ಕ್ಯಾರಿಯರಿನ ಚಿಲಕ ಬಿಗಿದು ನನ್ನ ಕೈಗೆ ಕೊಟ್ಟಳು. "ನಮ್ ಕೈಗೆ ಕೆಟ್ಟೆಸ್ರು ತರಬ್ಯಾಡ, ಅಷ್ಟೇ. ಹೋಗ್ಬಾ."

ಫ್ರಾಂಕ್‌ಫರ್ಟ್

ವಿಮಾನದಲ್ಲಿ ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ. ಮೇಲಿನ ಗೂಡಿನಲ್ಲಿ ಇಡಿ ಅಂತ ಗಗನಸಖಿ ಹುಡುಗಿ ಎರಡು ಸಲ ನಗುತ್ತಾ, ಮೂರನೇ ಸಲ ನಗದೆ ಹೇಳಿದಳು. ಇಟ್ಟೆ. ಇಟ್ಟ ಮೇಲೆ ಆ ಗೂಡಿನ ಬಾಗಿಲನ್ನೇ ನೋಡುತ್ತಾ ಕತ್ತು ಹಿಡಿದುಕೊಂಡಿತು. ಸಮುದ್ರ ಬಂತು ನೋಡಿ, ಮರುಭೂಮಿ ಬಂತು ನೋಡಿ ಅಂತ ಪಕ್ಕದವರು ಕಿಟಕಿ ತೋರಿಸಿದರು. ನಾನು ನೋಡಿದ್ದರೆ ತಾನೆ ನಿಮಗೆ ವರ್ಣಿಸುವುದು!

ಫ್ರಾಂಕ್‌ಫರ್ಟಿನಲ್ಲಿ ಸುಂಕದ ಅಧಿಕಾರಿ ಕ್ಯಾರಿಯರಿಗೆ ಬೆರಳು ತೋರಿಸಿದ. ಊಟವೇ ಅಂದ. ಅಲ್ಲ ಅಂದೆ. ಊಟದ ಪಾತ್ರೆಯಲ್ಲಿ ಊಟ ಯಾಕಿಲ್ಲ ಅಂತ ಅವನ ಹುಬ್ಬು ಮೇಲೆ ಹೋಯಿತು. ಒಂದೊಂದೇ ಡಬ್ಬಿ ಬಿಚ್ಚಿಸಿದ. ಹತ್ತಿಯೊಳಗೆ ಕಪ್ಪು ಕಪ್ಪಾಗಿ ಕಾಳುಗಳು. ಒಂದನ್ನು ಚಿಮಟದಲ್ಲಿ ಎತ್ತಿ ಮೂಸಿ ನೋಡಿದ. "ಕಂಪ್ಯೂಟರ್" ಅಂದೆ. ಅವನು ನನ್ನ ಸೀರೆ ನೋಡಿದ, ಕ್ಯಾರಿಯರು ನೋಡಿದ, ಇನ್ನೊಬ್ಬನನ್ನು ಕರೆದ. ಕಂಪನಿಯ ಕಾಗದ ತೋರಿಸಿದ ಮೇಲೆ ಇಬ್ಬರೂ ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಹಳ ಮರ್ಯಾದೆಯಿಂದ ಮುಚ್ಚಳ ಮುಚ್ಚಿಕೊಟ್ಟರು. ನಮ್ಮಲ್ಲಾಗಿದ್ದರೆ ಹತ್ತು ಜನ ಸುತ್ತ ನಿಂತು ಏನಂತೆ ಏನಂತೆ ಅಂತ ಕೇಳುತ್ತಿದ್ದರು. ಇಲ್ಲಿ ನನ್ನ ಹಿಂದೆ ಸಾಲಿನಲ್ಲಿದ್ದವರು ಬೇರೆ ಕಡೆ ನೋಡುತ್ತಾ ನಿಂತಿದ್ದರು. ಅದೇ ನನಗೆ ಹೆಚ್ಚು ಅವಮಾನವಾಯಿತು.

ರೈಲಿನಲ್ಲಿ ಕೂತಮೇಲೆ ಡಬ್ಬಿ ಬಿಚ್ಚಿ ಎಣಿಸಿದೆ. ಎರಡನೇ ಡಬ್ಬಿಯಲ್ಲಿ ಮೂವತ್ತೊಂಬತ್ತೇ ಇತ್ತು. ಸೀಟಿನ ಕೆಳಗೆ ಮಂಡಿಯೂರಿ ಹುಡುಕಿದೆ, ಸೆರಗು ಕೊಡವಿದೆ, ಎದುರಿಗೆ ಕೂತಿದ್ದ ಮುದುಕರು ಕಾಲು ಮೇಲೆತ್ತಿಕೊಂಡರು. ಕೊನೆಗೆ ಅದು ಹತ್ತಿಯೊಳಗೇ ಅಂಟಿಕೊಂಡಿತ್ತು. ಹ್ಯಾನೋವರ್ ಬರುವ ತನಕ ಎಣಿಸುವುದು, ಮುಚ್ಚುವುದು, ಮತ್ತೆ ಎಣಿಸುವುದು, ಇದೇ ಆಯಿತು.

ಹ್ಯಾನೋವರ್, ಎಲ್ಫ್ರೀಡಾ ಅವರ ಮನೆ

ಆ ವಾರ ಹ್ಯಾನೋವರಿನಲ್ಲಿ ಕಂಪ್ಯೂಟರುಗಳ ದೊಡ್ಡ ಮೇಳ. ಹೋಟೆಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಗಾಗಿ ಊರಿನ ಗೃಹಿಣಿಯರೇ ತಮ್ಮ ಮನೆಯ ಕೋಣೆ ಬಿಟ್ಟುಕೊಟ್ಟು ಬಾಡಿಗೆ ಪಡೆಯುವುದು ಅಲ್ಲಿನ ಪದ್ಧತಿ. ನನಗೆ ಗೊತ್ತು ಮಾಡಿದ್ದು ಎಲ್ಫ್ರೀಡಾ ಅನ್ನುವ ಅರವತ್ತು ದಾಟಿದ ಹೆಂಗಸಿನ ಮನೆ. ಆಕೆ ಮಲಗುವ ಕೋಣೆಯನ್ನು ನನಗೆ ಕೊಟ್ಟು ತಾನು ಅಡಿಗೆಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು. ಸಾಯಂಕಾಲವೆಲ್ಲ ಕೂತು ಉಣ್ಣೆ ಹೆಣೆಯುತ್ತಿದ್ದಳು. ಅವಳ ಇಂಗ್ಲಿಷು ಅರ್ಧ, ನನ್ನ ಜರ್ಮನ್ ಸೊನ್ನೆ, ಉಳಿದದ್ದೆಲ್ಲ ಕೈಸನ್ನೆ.

ಮೊದಲ ದಿನ ಸಾಯಂಕಾಲ ಕೇಳಿದಳು: ನಾಳೆ ಬೆಳಗಿನ ತಿಂಡಿಗೆ ಬ್ರೆಡ್ಡು ಎಷ್ಟು ತುಂಡು, ಎರಡೋ ಮೂರೋ? ಹೊಸಬರ ಮನೆಯಲ್ಲಿ ಮೂರು ಅನ್ನಲು ನಾಚಿಕೆಯಾಗಿ ಎರಡು ಅಂದೆ. ಮೊಟ್ಟೆ? ಒಂದು. ಬೆಳಗ್ಗೆ ನೋಡಿದರೆ ತಟ್ಟೆಯಲ್ಲಿ ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ, ಮೊಟ್ಟೆ ತಣ್ಣಗಾಗದಿರಲಿ ಅಂತ ಅದರ ತಲೆಗೊಂದು ಉಣ್ಣೆಯ ಟೋಪಿ. ತಿಂದು ಮುಗಿಸಿ ಕೂತೆ. ನಮ್ಮ ಕಡೆ ಸಾಕು ಅಂದವರಿಗೆ ತಾನೆ ಇನ್ನೊಂದು ಬಡಿಸುವುದು? ನಾನು ಕಾದೆ. ಅವಳು ಮುಗುಳ್ನಕ್ಕು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು. ಅವಳಿಗೆ ಮನಸ್ಸಿಲ್ಲ ಅಂತಲ್ಲ, ನಾನು ಎರಡು ಅಂದಿದ್ದೆ, ಎರಡು ಕೊಟ್ಟಳು. ಕೋಣೆಗೆ ಹೋಗಿ ಊರಿಂದ ತಂದಿದ್ದ ರಾಗಿ ಹುರಿಹಿಟ್ಟನ್ನು ನಲ್ಲಿ ನೀರಿಗೆ ಕಲೆಸಿ ತಿಂದೆ. ಮಾರನೇ ದಿನಕ್ಕೆ ಮಾನ ಬಿಟ್ಟು ನಾಲ್ಕು ಅಂದೆ. "ನಾಲ್ಕು!" ಅಂತ ಖುಷಿಯಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು.

ಇನ್ನೊಂದು ವಿಚಿತ್ರ. ಒಂದು ಸಾಯಂಕಾಲ ಅಷ್ಟುದ್ದ ಹೆಣೆದಿದ್ದ ಸ್ವೆಟರಿನ ತೋಳನ್ನು ಸರ್ರನೆ ಎಳೆದು ಬಿಚ್ಚಿಹಾಕಿಬಿಟ್ಟಳು. ಅಯ್ಯೋ ಅಂದೆ. ಮೂರು ಬೆರಳು ತೋರಿಸಿ, ಮೂರು ಸಾಲು ಜಾಸ್ತಿಯಾಗಿದೆ ಅಂದಳು. ಜಾಸ್ತಿ ತಾನೆ, ಇರಲಿ ಬಿಡಿ, ಕೈ ಬೆಚ್ಚಗಿರುತ್ತೆ ಅಂತ ನಾನು ಸನ್ನೆ ಮಾಡಿದೆ. ಅವಳು ನನ್ನನ್ನು ಹುಚ್ಚಿ ಅನ್ನುವ ಹಾಗೆ ನೋಡಿ, ಮತ್ತೆ ಮೊದಲಿಂದ ಎಣಿಸತೊಡಗಿದಳು.

ಮೇಳ

ಕಾಯಿಲ್‌ಗಳನ್ನು ಕಂಪನಿಯವರಿಗೆ ಒಪ್ಪಿಸಿ ಆಗಿತ್ತು. ಪರೀಕ್ಷೆಗೆ ಎರಡು ದಿನ ಬೇಕು, ಅಷ್ಟರಲ್ಲಿ ಮೇಳ ನೋಡಿ ಅಂದಿದ್ದರು. ನೋಡುವುದೇನು, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವವಳಿಗೆ ಸಂತೆ ತೋರಿಸಿದ ಹಾಗಾಯಿತು. ಆದರೂ ಹೋದೆ.

ಒಂದು ಇಡೀ ಮಂಟಪ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸರಕಿಗೇ ಮೀಸಲು. ಮೊನ್ನೆ ಮೊನ್ನೆಯ ತನಕ ಕಂಪ್ಯೂಟರು ಒಂಟಿಯಾಗಿ ಕೂತಿರುತ್ತಿತ್ತಂತೆ. ಈಗ ಪ್ರತಿ ಕಚೇರಿಯವನೂ ನನ್ನವೆಲ್ಲ ಒಟ್ಟಿಗೆ ಮಾತಾಡಲಿ ಅನ್ನುತ್ತಾನೆ. ಕೊಳ್ಳುವವರು ನುಗ್ಗಿ ಬರುತ್ತಿದ್ದರು, ಮಾರುವವರು ಅದಕ್ಕಿಂತ ಹೆಚ್ಚು. ಒಂದು ಪಂಗಡದವರು ಕಂಪ್ಯೂಟರುಗಳನ್ನು ಬಳೆಯ ಹಾಗೆ ಸುತ್ತಲೂ ಜೋಡಿಸಬೇಕು ಅನ್ನುವವರು, ಇನ್ನೊಂದು ಪಂಗಡ ಉದ್ದಕ್ಕೆ ಹಗ್ಗಕ್ಕೆ ಬಟ್ಟೆ ಒಣಗಲು ಹಾಕಿದಂತೆ ಜೋಡಿಸಬೇಕು ಅನ್ನುವವರು. ನಮ್ಮ ಕಾಯಿಲ್ ಹೋಗುವುದು ಎರಡನೆಯವರಿಗೆ. ಬಳೆಯವರ ಮಳಿಗೆಯಲ್ಲಿ ಒಬ್ಬ ಟೈ ಕಟ್ಟಿದವನು, ಹಗ್ಗದವರು ಇನ್ನು ಎರಡೇ ವರ್ಷ ಅಂತ ಕೈ ಬೀಸಿ ಹೇಳಿದ. ನನಗೆ ಕೂತುಕೊಳ್ಳಲು ಕುರ್ಚಿ ಬೇಕಾಯಿತು. ಹಗ್ಗದವರ ಮಳಿಗೆಗೆ ಹೋದರೆ ಅವರು ಬಳೆಯವರ ಬಗ್ಗೆ ಅದೇ ಮಾತು ಹೇಳಿದರು. ಸ್ವಲ್ಪ ಉಸಿರು ಬಂತು.

ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಕಾಯಿಲ್ ಇರುವ ಪೆಟ್ಟಿಗೆ ಕೂರುವುದು ಹೆಬ್ಬೆರಳು ದಪ್ಪದ ಹಳದಿ ಕೇಬಲ್ಲಿನ ಮೇಲೆ. ಪಕ್ಕದ ಸಾಲಿನಲ್ಲಿ ಕಿರುಬೆರಳಿಗಿಂತ ತೆಳ್ಳಗಿನ ಕರಿ ಕೇಬಲ್ಲು ಬಂದಿತ್ತು. ಹಳದಿಯದು ಭಾರ, ದುಬಾರಿ, ಬಗ್ಗುವುದಿಲ್ಲ, ಇನ್ನು ಯಾರು ಕೊಳ್ಳುತ್ತಾರೆ ಅಂದರು. ಮಂಟಪದ ಮೂಲೆಯಲ್ಲಿ ಅದಕ್ಕಿಂತ ದೊಡ್ಡ ಗುಂಪು. ನುಗ್ಗಿ ನೋಡಿದರೆ ಅಲ್ಲಿ ಯಾವ ಕೇಬಲ್ಲೂ ಇಲ್ಲ. ಟೆಲಿಫೋನಿಗೆ ಹಾಕುವ ಮಾಮೂಲಿ ಜೋಡಿ ತಂತಿ! ಗೋಡೆಯಲ್ಲಿ ಮೊದಲೇ ಇರುವ ತಂತಿಯಲ್ಲೇ ಕೆಲಸ ಆಗುತ್ತದೆ, ಹೊಸದು ಎಳೆಯುವುದೇ ಬೇಡ ಅಂತ ಒಬ್ಬ ಹುಡುಗ ಮೈಕಿನಲ್ಲಿ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಕೋಲಾರದ ಟೊಮೇಟೊ ಮಂಡಿಯಲ್ಲಿ ಲಾರಿ ಮೇಲೆ ಲಾರಿ ಬಂದು ನಿಂತಾಗ, ಬೆಳಗ್ಗೆ ಮೊದಲೇ ಬಂದು ಬುಟ್ಟಿ ಇಳಿಸಿದವನ ಮುಖ ಹೇಗಾಗುತ್ತದೆ ಅಂತ ನೋಡಿದ್ದೀರಲ್ಲ, ನನ್ನ ಮುಖವೂ ಹಾಗೇ ಆಗಿರಬೇಕು. ನಾವಿನ್ನೂ ಪರೀಕ್ಷೆಯಲ್ಲೇ ಪಾಸಾಗಿಲ್ಲ. ಆಗಲೇ ನಮ್ಮ ಸರಕು ಹಳೆಯದಾಗುತ್ತಿದೆ.

ತೈವಾನಿನ ಒಂದು ಚಿಕ್ಕ ಮಳಿಗೆಯಲ್ಲಿ ನಮ್ಮಂಥವೇ ಕಾಯಿಲ್ ಇಟ್ಟಿದ್ದರು, ನಮ್ಮದರ ಅರ್ಧ ಗಾತ್ರ. ನಾನು ಬಗ್ಗಿ ನೋಡುವುದನ್ನು ಕಂಡು ಮಾಲೀಕ ಹತ್ತಿರ ಬಂದ. ನಾವೂ ಇದನ್ನೇ ಸುತ್ತುತ್ತೇವೆ ಅಂದೆ. ಅವನು ನಕ್ಕು, "ಹಾಗಾದರೆ ನಿಮಗೂ ನಿದ್ರೆ ಇಲ್ಲ" ಅಂದ. ತನಗಿಂತ ಅಗ್ಗಕ್ಕೆ ಮಾಡುವವರು ಬೇರೆ ದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ, ಪ್ರತಿ ಮೇಳಕ್ಕೂ ಬೆಲೆ ಇಳಿಸಿಯೇ ಹೇಳಬೇಕು, ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು ಅಂದ. ಇಬ್ಬರೂ ನಿಂತು ಒಂದೊಂದು ಕಪ್ ಚಹಾ ಕುಡಿದೆವು. ಶತ್ರುವಿನ ಜೊತೆ ಕುಡಿದ ಆ ಚಹಾ ಒಂದೇ ನನಗೆ ಆ ಊರಿನಲ್ಲಿ ರುಚಿಯಾಗಿ ಕಂಡದ್ದು.

ಪ್ರಯೋಗಾಲಯ

ಎರಡು ದಿನ ಕಳೆದ ಮೇಲೆ ಕಂಪನಿಗೆ ಹೋದೆ. ಪರೀಕ್ಷೆ ಮಾಡಿದವರು ಕ್ರಾಮರ್ ಅನ್ನುವ ಇಂಜಿನಿಯರು. ಉದ್ದನೆಯ ಆಸಾಮಿ, ಬಿಳಿ ಕೋಟು, ಜೇಬಿನಲ್ಲಿ ಸಾಲಾಗಿ ನಾಲ್ಕು ಪೆನ್ನು. ಮೇಜಿನ ಮೇಲೆ ನಮ್ಮ ಕ್ಯಾರಿಯರಿನ ಐದು ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಮೂರನೆಯದು ಮಾತ್ರ ಸ್ವಲ್ಪ ದೂರ.

"ನಾಲ್ಕು ಡಬ್ಬಿ ಬಹಳ ಚೆನ್ನಾಗಿವೆ" ಅಂದರು ಇಂಗ್ಲಿಷಿನಲ್ಲಿ, ಒಂದೊಂದೇ ಪದ ತೂಗಿ. "ಮೂರನೆಯದು ಪೂರ್ತಿ ತಪ್ಪು."

ಒಂದು ಕಾಯಿಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ ಪರದೆ ತೋರಿಸಿದರು. ಗೆರೆ ಚೌಕವಾಗಿ ಏರಿ ಚೌಕವಾಗಿ ಇಳಿಯಬೇಕಿತ್ತು. ಇದರಲ್ಲಿ ಮೂಲೆಯ ಮೇಲೊಂದು ಕೊಂಬು ಎದ್ದಿತ್ತು. ಒಂದು ಕಡೆ ಇಪ್ಪತ್ತು ಸುತ್ತು, ಇನ್ನೊಂದು ಕಡೆ ಇಪ್ಪತ್ತೊಂದು. ಎರಡೂ ಕಡೆ ಸಮ ಇಲ್ಲದಿದ್ದರೆ ಕಂಪ್ಯೂಟರುಗಳ ಮಾತು ಕೆಡುತ್ತದೆ ಅಂದರು.

"ಒಂದೆರಡು ತಪ್ಪಾಗಿರಬಹುದು" ಅಂದೆ.

"ನಲವತ್ತೂ ಹಾಗೇ. ಎಲ್ಲದರಲ್ಲೂ ಒಂದೇ ಕಡೆ, ಒಂದೇ ಸುತ್ತು ಜಾಸ್ತಿ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ, ಇಷ್ಟು ನಿಯಮಿತವಾಗಿ ತಪ್ಪು ಮಾಡಿದವರನ್ನು ನೋಡಿಲ್ಲ."

ನನಗೆ ತಕ್ಷಣ ಗೊತ್ತಾಗಿಹೋಯಿತು. ಮುನಿಯಮ್ಮ ತಪ್ಪು ಎಣಿಸಿದವಳಲ್ಲ, ಇಪ್ಪತ್ತು ಸರಿಯಾಗಿಯೇ ಎಣಿಸಿದ್ದಾಳೆ. ಎರಡೂ ಕಡೆ ಮುಗಿದ ಮೇಲೆ ಕೊನೆಗೊಂದು ಕೊಸರು ಹಾಕಿದ್ದಾಳೆ. ನಮ್ಮ ಸೀಮೆಯಲ್ಲಿ ರಾಗಿ ಅಳೆದರೂ, ಅವರೆಕಾಯಿ ತೂಗಿದರೂ, ಹೂವು ಮೊಳ ಹಾಕಿದರೂ ಅಳತೆ ಮುಗಿದ ಮೇಲೆ ಒಂದು ಹಿಡಿ, ಒಂದು ಗೇಣು ಮೇಲೆ ಹಾಕದೆ ಕೊಡುವವರಿಲ್ಲ. ಕೊಳ್ಳುವವರು ಕೇಳುವುದೂ ಉಂಟು, ಕೇಳದಿದ್ದರೆ ಮಾರುವವರೇ ಹಾಕುವುದೂ ಉಂಟು. ಮುನಿಯಮ್ಮ ಶೆಡ್ಡಿಗೆ ಬರುವ ಮೊದಲು ಸಂತೆಯಲ್ಲಿ ತರಕಾರಿ ಮಾರುತ್ತಿದ್ದವಳು. ರೇಡಿಯೋ ಕಾಯಿಲ್ಲಿಗೆ ಒಂದು ಸುತ್ತು ಜಾಸ್ತಿಯಾದರೆ ಏನೂ ಕೆಡುತ್ತಿರಲಿಲ್ಲ, ಅದರಲ್ಲಿ ತಿರುಪು ತಿರುಗಿಸಿ ಸರಿ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ದೂರದೇಶದವರಿಗೆ ಹೋಗುವ ಸರಕಿಗೆ ಅವಳು ಕೊಸರಿಲ್ಲದೆ ಕೊಡುವುದುಂಟೆ?

ತಪ್ಪು ನನ್ನದೂ ಇತ್ತು. ಮಾಲೂರಿನಲ್ಲಿ ಡಬ್ಬಿಗೆ ನಾಲ್ಕರಂತೆ ನಮ್ಮ ಮೀಟರಿಗೆ ಹಾಕಿ ನೋಡಿದ್ದೆ. ಮೂರನೇ ಡಬ್ಬಿಗೆ ಮುಳ್ಳು ಒಂದು ಎಳೆ ಮೇಲೆ ನಿಂತಿತ್ತು. ದಿನಾ ಏರಿಳಿಯುವ ಕರೆಂಟಿನ ಮೇಲೆ ತಪ್ಪು ಹೊರಿಸಿ, ಪಾಸು ಅಂತ ಬರೆದುಕೊಂಡಿದ್ದೆ.

ಕ್ರಾಮರ್ ಒಂದು ಹಾಳೆ ತೆಗೆದರು. "ನಾವು ನಿಮ್ಮ ಜೊತೆ ಕೆಲಸ ಮಾಡಬಹುದು. ಒಂದು ಷರತ್ತು. ಈ ಡಬ್ಬಿ ಮಾಡಿದ ವ್ಯಕ್ತಿ ನಮ್ಮ ಕಾಯಿಲ್ ಮುಟ್ಟಬಾರದು. ಹೆಸರು ಹೇಳಿ, ಬರೆಯುತ್ತೇನೆ."

ಹೆಸರು ಹೇಳಿದರೆ ಆ ಕಾಗದ ಶಾಮಣ್ಣನವರ ಕೈಗೆ ಹೋಗುತ್ತದೆ. ಶೆಡ್ಡಿನಲ್ಲಿ ಇನ್ನು ಬೇರೆ ಕೆಲಸವೇ ಇಲ್ಲ, ಇದೊಂದೇ. ಮುಟ್ಟಬಾರದು ಅಂದರೆ ಮನೆಗೆ ಹೋಗು ಅಂತಲೇ ಅರ್ಥ. ಇಡೀ ಜೀವಮಾನ ಅಳತೆಗಿಂತ ಒಂದು ಹಿಡಿ ಹೆಚ್ಚು ಕೊಟ್ಟವಳನ್ನು, ಹೆಚ್ಚು ಕೊಟ್ಟೆ ಅಂತ ಹೊರಗೆ ಹಾಕುವುದೇ? ಹೇಳದಿದ್ದರೆ ಇಪ್ಪತ್ತಾರು ಜನಕ್ಕೂ ಕೆಲಸವಿಲ್ಲ.

"ನಾಗರತ್ನ" ಅಂದೆ.

"ಅದು ನಿಮ್ಮ ಹೆಸರಲ್ಲವೆ?"

"ಹೌದು. ಆ ಡಬ್ಬಿ ಸುತ್ತಿದ್ದು ನಾನೇ."

ಜೀವನದಲ್ಲಿ ಎಷ್ಟೋ ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ. ಇಷ್ಟು ದೊಡ್ಡದು ಇದೇ ಮೊದಲು. ಸೂಪರ್‌ವೈಸರ್ ಸುತ್ತದಿದ್ದರೆ ಯಾರಿಗೂ ನಷ್ಟವಿಲ್ಲ ಅನ್ನುವ ಲೆಕ್ಕ ಆ ಗಾಬರಿಯಲ್ಲೂ ನನಗೆ ಹೇಗೋ ಹೊಳೆದಿತ್ತು. ಕ್ರಾಮರ್ ನನ್ನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ಖಾಲಿ ಉಂಗುರ, ತಂತಿಯ ಉಂಡೆ, ಕತ್ತರಿ, ದೀಪ ಇರುವ ಭೂತಗನ್ನಡಿ ತಂದು ನನ್ನ ಮುಂದಿಟ್ಟರು. "ಒಂದು ಸುತ್ತಿ ತೋರಿಸಿ. ಒಂದು ಕಡೆಯದು ಸಾಕು."

ನಾಲ್ಕು ವರ್ಷದಿಂದ ನಾನು ತಂತಿ ಹಿಡಿದಿರಲಿಲ್ಲ. ಕುರ್ಚಿಯಲ್ಲಿ ಕೂತು ಬೇರೆಯವರದನ್ನು ನೋಡುವುದೇ ನನ್ನ ಕೆಲಸ. ತುದಿ ತೂತಿಗೆ ಸೇರಿಸಲು ಮೂರು ಸಲ ಬೇಕಾಯಿತು. ಈಗ ಇಪ್ಪತ್ತು ಸುತ್ತಲೋ ಇಪ್ಪತ್ತೊಂದು ಸುತ್ತಲೋ? ಇಪ್ಪತ್ತೊಂದು ಸುತ್ತಿದರೆ, ನೋಡಿ, ಇವಳಿಗೆ ಎಣಿಸಲು ಬರುವುದಿಲ್ಲ ಅನ್ನುತ್ತಾರೆ. ಇಪ್ಪತ್ತು ಸುತ್ತಿದರೆ ಸುಳ್ಳು ಹೊರಬೀಳುತ್ತದೆ. ಬೀಳಲಿ, ನಮ್ಮ ಊರಿನ ಕೈಗೆ ಸರಿಯಾಗಿ ಸುತ್ತಲು ಬರುತ್ತದೆ ಅನ್ನುವುದಾದರೂ ಇವರಿಗೆ ತಿಳಿಯಲಿ ಅಂತ ಗಟ್ಟಿ ಮನಸ್ಸು ಮಾಡಿದೆ. ತಪ್ಪಬಾರದೆಂದು ಬಾಯಿಬಿಟ್ಟು ಕನ್ನಡದಲ್ಲೇ ಎಣಿಸಿದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಕತ್ತರಿಸಿ ಕೊಟ್ಟೆ.

ಅವರು ಅದನ್ನು ಭೂತಗನ್ನಡಿಯ ಕೆಳಗಿಟ್ಟು ಸೂಜಿಯ ಮೊನೆಯಿಂದ ಒಂದೊಂದೇ ಸುತ್ತು ಮುಟ್ಟಿ ಎಣಿಸಿದರು. ನಿಲ್ಲಿಸಿದರು. ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ಕನ್ನಡಿಯನ್ನು ನನ್ನ ಕಡೆ ತಿರುಗಿಸಿ ಸೂಜಿ ನನ್ನ ಕೈಗೆ ಕೊಟ್ಟರು.

ನಾನು ಎಣಿಸಿದೆ. ಇಪ್ಪತ್ತೊಂದಿತ್ತು.

ದೇವರಾಣೆ, ನಾನು ಇಪ್ಪತ್ತಕ್ಕೇ ನಿಲ್ಲಿಸಿದ್ದೆ. ನಿಲ್ಲಿಸಿದ್ದೆ ಅಂತಲೇ ಅಂದುಕೊಂಡಿದ್ದೆ. ಬಾಯಿ ಇಪ್ಪತ್ತು ಅಂದಿತ್ತು, ಕೈ ತನ್ನ ಪಾಡಿಗೆ ತಾನು ಇನ್ನೊಂದು ಹಾಕಿತ್ತು. ಈ ಕೈಗೆ ತಂತಿ ಹಿಡಿಯಲು ಕಲಿಸಿದವಳು ಮುನಿಯಮ್ಮ. ಉಳಿದ ನಾಲ್ಕು ಡಬ್ಬಿಯವರು ಕಿರಿಯರು, ಗೋಡೆಯ ಮೇಲೆ ನಾನು ಬರೆದು ತೂಗುಹಾಕಿದ ಚಿತ್ರ ನೋಡಿ ಕಲಿತವರು. ಚಿತ್ರ ಬರೆದವಳ ಕೈಯೇ ಚಿತ್ರದಂತೆ ನಡೆಯಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಎದೆ ಹಗುರವಾಗಿ ಅಳು ಬಂತು. ಪರದೇಶದವರ ಮುಂದೆ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಕ್ರಾಮರ್ ಮೊದಲ ಸಲ ನಕ್ಕರು. "ಆ ಡಬ್ಬಿ ನಿಮ್ಮದೇ. ಸಂಶಯವಿಲ್ಲ." ಬರೆದರು: ಎಣಿಕೆ ತಪ್ಪುವುದರಿಂದ ನಾಗರತ್ನ ಅವರು ಕಾಯಿಲ್ ಸುತ್ತತಕ್ಕದ್ದಲ್ಲ. ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ಎಣಿಸಿ ಕಳುಹಿಸತಕ್ಕದ್ದು. ಒಂದು ವರ್ಷದ ಕೆಲಸ ನಮಗೆ. ಒಂದೇ ವರ್ಷ ಯಾಕೆ ಅಂದರೆ, ಆಮೇಲೆ ಹಳದಿ ಕೇಬಲ್ಲಿಗೆ ಗಿರಾಕಿ ಇರುವುದಿಲ್ಲ, ಟೆಲಿಫೋನ್ ತಂತಿಯ ಕಾಯಿಲ್ ಇದಕ್ಕಿಂತ ಚಿಕ್ಕದು, ಅದಕ್ಕೆ ಬೇರೆ ಮಾದರಿ ಕಳಿಸಿ ಮತ್ತೆ ಪರೀಕ್ಷೆಗೆ ಕೂರಬೇಕು. ಸರಿ ಅಂದೆ. ಹೊಸ ಉಂಗುರದ ನಮೂನೆ ಒಂದು ಹಿಡಿ ಕೊಟ್ಟರು. ಸಾಸಿವೆಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ.

ಮತ್ತೆ ಮಾಲೂರು

ಶಾಮಣ್ಣನವರ ಕಣ್ಣಿನ ಹಳದಿ ಇಳಿದಿತ್ತು. ಎಲ್ಲರನ್ನೂ ಸೇರಿಸಿ ಕಾಗದ ಓದಿದರು. ಒಂದು ವರ್ಷದ ಕೆಲಸ ಅಂದಾಗ ಹೆಂಗಸರೆಲ್ಲ ಒಟ್ಟಿಗೆ ಮಾತಾಡಲು ಶುರುಮಾಡಿದರು. ಎಣಿಕೆ ತಪ್ಪುವುದರಿಂದ ನಾಗರತ್ನ ಸುತ್ತತಕ್ಕದ್ದಲ್ಲ ಅಂತ ಓದಿದಾಗ ಶೆಡ್ಡು ಹಾರಿಹೋಗುವ ಹಾಗೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮುನಿಯಮ್ಮ.

"ಏಮೇ ರತ್ನಾ, ಬಿ.ಎಸ್ಸಿ. ಓದಿ ಇಪ್ಪತ್ತು ಎಣಿಸಾಕೆ ಬರಲ್ವಾ ನಿಂಗೆ? ಅಷ್ಟು ದೂರ ಓಗಿ ನನ್ ಮಾನ ತೆಗ್ದಲ್ಲೇ! ನಾನಲ್ವಾ ಕಲಿಸಿದ್ದು?"

"ನೀನೇ ಕಲಿಸಿದ್ದು ಕಣಕ್ಕ" ಅಂದೆ. ಎಲ್ಲರೂ ಮತ್ತೆ ನಕ್ಕರು.

ಶಾಮಣ್ಣನವರು ಬೆಂಗಳೂರಿಂದ ಭೂತಗನ್ನಡಿ ತರಿಸಿದರು. ಮಾರನೇ ವಾರ ಕೆಲಸ ಶುರುವಾದ ದಿನ ನನ್ನ ಕುರ್ಚಿಯನ್ನು ಮುನಿಯಮ್ಮನ ಪಕ್ಕಕ್ಕೆ ಎಳೆದುಕೊಂಡು ಕೂತೆ. ಹೇಗೆ ಹೇಳುವುದು ಅಂತ ಹಿಂದಿನ ದಿನವಿಡೀ ತಲೆ ಕೆಡಿಸಿಕೊಂಡಿದ್ದೆ. ಅವಳು ಎರಡನೇ ಕಡೆ ಸುತ್ತುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ತಂತಿ ಮತ್ತೆ ತೂತಿನ ಕಡೆ ಹೋಯಿತು. ನಾನು ಅವಳ ಬೆರಳು ಹಿಡಿದುಕೊಂಡೆ.

"ಸಾಕು ಕಣಕ್ಕ. ಇಲ್ಲಿಗೇ ನಿಲ್ಲಿಸು."

ಅವಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಉಂಗುರ ನೋಡಿದಳು. ಎದುರಿಗೆ ಗೋಡೆಯ ಮೇಲಿದ್ದ ಚಿತ್ರ ನೋಡಿದಳು. ನಗಲು ಹೊರಟವಳ ಮುಖದಿಂದ ನಗು ನಿಧಾನವಾಗಿ ಹೋಯಿತು. ಪಕ್ಕದವರಿಗೆ ಕೇಳಿಸದಂತೆ, "ರತ್ನಾ, ಆ ಡಬ್ಬಿ ನಂದಲ್ವಾ?" ಅಂದಳು.

"ನನ್ನ ಕೈಯೂ ಅಂಗೇ ಮಾಡ್ತು ಅಕ್ಕ. ಸುಳ್ಳಲ್ಲ. ಅವರ ಕಣ್ಣೆದುರಿಗೇ ಮಾಡ್ತು."

ಅವಳು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಕತ್ತರಿ ತೆಗೆದುಕೊಂಡು ಇಪ್ಪತ್ತನೇ ಸುತ್ತಿಗೆ ಸರಿಯಾಗಿ ತಂತಿ ಕತ್ತರಿಸಿದಳು. ಕಾಯಿಲ್ಲನ್ನು ನನ್ನ ಅಂಗೈಯಲ್ಲಿಟ್ಟು, ಕಣ್ಣು ತುಂಬಿಕೊಂಡು ಹೇಳಿದಳು:

"ಇಷ್ಟಕ್ಕೇ ನಿಲ್ಸಿದ್ರೆ ಯಾರ ಮನೇದೋ ಕದ್ಕೊಂಡಂಗೆ ಆಗ್ತದೆ ಕಣೇ ನಂಗೆ."

ಹೇಳಿ ಇನ್ನೊಂದು ಉಂಗುರ ಎತ್ತಿಕೊಂಡಳು.